ಎದೆಯೊಳಗಿನ ತಾಳ

ಛಂದಸ್ಸಿನ ಪಾಠ ಹೇಳುವವನಿಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತದೆ. ಗಡಿಯಾರದ ಸದ್ದಾಗಲಿ, ರೈಲುಗಾಲಿಯ ಸದ್ದಾಗಲಿ ಕಿವಿಗೆ ಬಿದ್ದೊಡನೆ ಬೆರಳು ಮಾತ್ರೆಗಳನ್ನು ಎಣಿಸತೊಡಗುತ್ತದೆ. ಆದರೆ ನಮ್ಮೆದೆಯೊಳಗೆ ಹಗಲಿರುಳೂ ನಡೆಯುವ ತಾಳವನ್ನು ಮಾತ್ರ ನಾವಾರೂ ಎಣಿಸುವುದಿಲ್ಲ. ಅದು ತಪ್ಪಿದ ದಿನವೇ ಅದರ ನೆನಪು!

ಕಳೆದ ತಿಂಗಳು ಸಹೋದ್ಯೋಗಿ ಮಿತ್ರರೊಬ್ಬರು ಅಧ್ಯಾಪಕರ ಕೊಠಡಿಯಲ್ಲಿ ಒಂದು ಚೀಟಿಯನ್ನು ನನ್ನ ಮುಂದಿಟ್ಟು, "ಹೋಗಲೇಬೇಕೇನ್ರೀ?" ಎಂದು ಕೇಳಿದರು. ಅವರ ಏಳು ವರ್ಷದ ಮಗಳ ಹೃದಯದಲ್ಲಿ ಹುಟ್ಟಿನಿಂದಲೇ ಒಂದು ರಂಧ್ರವಿತ್ತು. ಎರಡು ವರ್ಷಗಳ ಹಿಂದೆ ವೈದ್ಯರು ಎದೆಯನ್ನು ಕೊಯ್ಯದೆ, ತೊಡೆಸಂದಿನ ರಕ್ತನಾಳದ ಮೂಲಕ ಕ್ಯಾಥೆಟರ್ ಎಂಬ ಸಪೂರವಾದ ನಳಿಕೆಯನ್ನು ಹೃದಯದವರೆಗೆ ಸಾಗಿಸಿ, ಲೋಹದ ಜಾಲರಿಯ ಪುಟ್ಟ ಮುಚ್ಚಳವೊಂದನ್ನು ಅಲ್ಲಿ ಕೂರಿಸಿದ್ದರು. ಕೆಲವೇ ದಿನಗಳಲ್ಲಿ ಮಗು ಮನೆಗೆ ಬಂದಿತು. ಈಗ ಕುಂಟೆಬಿಲ್ಲೆಯಲ್ಲಿ ಬೀದಿಗೇ ಮೊದಲು. ಚೀಟಿಯಲ್ಲಿದ್ದುದು ವರ್ಷಕ್ಕೊಮ್ಮೆ ಬಂದು ಇ.ಸಿ.ಜಿ. ತೆಗೆಸಬೇಕೆಂಬ ಸೂಚನೆ.

"ರಂಧ್ರ ಮುಚ್ಚಿದ ಮೇಲೆ ಕಥೆ ಮುಗಿದಂತಲ್ಲವೆ?" ಎಂದರು.

"ಮುಗಿಯಿತು, ಬಿಡಿ" ಎಂದುಬಿಟ್ಟೆ, ಎಲ್ಲ ಬಲ್ಲವನಂತೆ.

ಆ ರಾತ್ರಿ ನನಗೆ ನನ್ನ ಮಾತೇ ಚುಚ್ಚತೊಡಗಿತು. ಕನ್ನಡ ಮೇಷ್ಟರಿಗೆ ಹೃದಯದ ವಿಚಾರದಲ್ಲಿ ತೀರ್ಪು ಕೊಡುವ ಅಧಿಕಾರ ಎಲ್ಲಿಂದ ಬಂತು? ಮರುದಿನ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತೆರೆದು ಕುಳಿತೆ.

ಹೃದಯಕ್ಕೆ ತಾಳ ಹಿಡಿಯುವುದು ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಒಂದು ಪುಟ್ಟ ಗಂಟು. 1907ರಲ್ಲಿ ಇಂಗ್ಲೆಂಡಿನ ಕೀತ್ ಮತ್ತು ಫ್ಲ್ಯಾಕ್ ಅದನ್ನು ವರ್ಣಿಸಿದರು. ಅಲ್ಲಿ ಹುಟ್ಟಿದ ವಿದ್ಯುತ್ ಸಂಜ್ಞೆ ಮೇಲಿನ ಕೋಣೆಗಳಾದ ಹೃತ್ಕರ್ಣಗಳನ್ನು ಮಿಡಿಸಿ, ನಡುವಣ ಇನ್ನೊಂದು ಗಂಟಿನಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ತಂಗುತ್ತದೆ. ಜರ್ಮನಿಯ ಮಾರ್ಬುರ್ಗಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಜಪಾನಿನ ಸುನಾವೊ ತವಾರ ಆ ಗಂಟಿನ ಸ್ವರೂಪವನ್ನು 1906ರಲ್ಲಿ ಪ್ರಕಟಿಸಿದನು. ಈ ತಂಗುವಿಕೆ ಪದ್ಯದ ಯತಿಯಂತೆ. ಅಷ್ಟರಲ್ಲಿ ಮೇಲಿನ ಕೋಣೆಯ ರಕ್ತ ಕೆಳಗಿನ ಕೋಣೆಗೆ ಇಳಿದಿರುತ್ತದೆ. ಬಳಿಕ ಸಂಜ್ಞೆ ಎಳೆಗಳ ಕಂತೆಯೊಂದರ ಮೂಲಕ ಕೆಳಗಿನ ಹೃತ್ಕುಕ್ಷಿಗಳನ್ನು ಸೇರುತ್ತದೆ. ಏಳು ವರ್ಷದ ಮಗುವಿನ ಹೃದಯ ನಿಮಿಷಕ್ಕೆ 90 ಸಲ ಮಿಡಿಯುವುದೆಂದು ಲೆಕ್ಕ ಹಿಡಿದರೆ, ದಿನವೊಂದಕ್ಕೆ 1,29,600 ಸಲ ಈ ಯಾತ್ರೆ ನಡೆಯಬೇಕು!

ತೊಡಕಿರುವುದು ಇಲ್ಲಿಯೇ. ಮಿತ್ರರ ಮಗಳಿಗಿದ್ದುದು ಕೆಳಗಿನ ಎರಡು ಕೋಣೆಗಳ ನಡುವಣ ಗೋಡೆಯಲ್ಲಿ, ಅದರ ತೆಳುಪೊರೆಯ ಭಾಗಕ್ಕೆ ಹತ್ತಿದ ರಂಧ್ರ. ಅಂತಹ ರಂಧ್ರದ ಅಂಚಿನಲ್ಲಿಯೇ ಆ ಎಳೆಗಳ ಕಂತೆ ಹಾದುಹೋಗುತ್ತದೆ. ಮುಚ್ಚಳ ಅದನ್ನು ಒತ್ತಬಹುದು. ಸುತ್ತಲೂ ಬಾವು ಬರಬಹುದು. ಆಗ ಸಂಜ್ಞೆ ತಡವಾಗಿ ತಲುಪುತ್ತದೆ. ಲಘುವಿರಬೇಕಾದ ಎಡೆಯಲ್ಲಿ ಗುರು ಬಂದಂತೆ. ಬಹುಪಾಲು ಮಕ್ಕಳಲ್ಲಿ ಇಂತಹ ಸಣ್ಣ ವ್ಯತ್ಯಾಸಗಳು ತೊಂದರೆ ಕೊಡದೆ ಇರುತ್ತವೆ, ಇಲ್ಲವೆ ತಾವಾಗಿಯೇ ಸರಿಹೋಗುತ್ತವೆ. ಬಾವು ಇಳಿಸುವ ಔಷಧಿಯೂ ಕೆಲವೊಮ್ಮೆ ನೆರವಾಗುತ್ತದೆ. ಮೇಲಿನ ಕೋಣೆಗಳ ನಡುವಣ ರಂಧ್ರವನ್ನು ಮುಚ್ಚಿದಾಗಲೂ ನಡುನಡುವೆ ಅಕಾಲದ ಮಿಡಿತಗಳು ಕಾಣಿಸಿಕೊಳ್ಳುವುದುಂಟು. ಅವೂ ಸಾಮಾನ್ಯವಾಗಿ ಅಲ್ಪಕಾಲದವು.

ಆದರೆ ದಾರಿ ಪೂರ್ತಿಯಾಗಿ ಕಟ್ಟಿದರೆ ಮೇಲಿನ ಕೋಣೆಗಳದೇ ಒಂದು ತಾಳ, ಕೆಳಗಿನವುಗಳದೇ ಮತ್ತೊಂದು. ಮೃದಂಗದವರು ಪಿಟೀಲಿನವರ ಕಡೆ ನೋಡುವುದನ್ನೇ ಬಿಟ್ಟಂತೆ. ನಾಡಿ ತೀರ ನಿಧಾನವಾಗಿ ಮಗು ಬವಳಿ ಬಂದು ಬೀಳಬಹುದು. ಕೃತಕವಾಗಿ ಮಿಡಿತ ಕೊಡುವ ಪೇಸ್‌ಮೇಕರ್ ಅಳವಡಿಸಬೇಕಾಗಬಹುದು. ಈ ಬಗೆಯ ರಂಧ್ರಕ್ಕಾಗಿ ಬಂದ ಮೊದಲ ತಲೆಮಾರಿನ ಮುಚ್ಚಳಗಳಲ್ಲಿ, ಕೆಲವು ವರದಿಗಳ ಪ್ರಕಾರ, ನೂರಕ್ಕೆ ಸುಮಾರು 5 ಮಂದಿಗೆ ಹೀಗಾಗಿತ್ತು. ಆಮೇಲೆ ಒತ್ತಡ ಕಡಿಮೆಯಾಗುವಂತೆ ಮೃದುವಾದ ಮುಚ್ಚಳಗಳನ್ನು ರೂಪಿಸಿದರು. ಅಪಾಯ ತಗ್ಗಿತು, ಪೂರ್ತಿ ಅಳಿಯಲಿಲ್ಲ. ಹೆಚ್ಚಾಗಿ ಇದು ತಲೆದೋರುವುದು ಮೊದಲ ಕೆಲವು ದಿನಗಳಲ್ಲಿ. ಅಪರೂಪಕ್ಕೆ ತಿಂಗಳುಗಳ, ವರ್ಷಗಳ ಅನಂತರವೂ ಬರುವುದುಂಟು.

ವರ್ಷಕ್ಕೊಮ್ಮೆ ಬನ್ನಿ ಎಂದುದರ ಅರ್ಥ ಆಗ ಹೊಳೆಯಿತು. ತಾಳ ತಡವಾಗುತ್ತಿದೆಯೆಂದು ಮಗು ತಾನಾಗಿ ಹೇಳಲಾರದು. ಆಟದಲ್ಲಿ ಬೇಗ ದಣಿದರೆ ಮೂಲೆಯಲ್ಲಿ ಕುಳಿತೀತು, ಅಷ್ಟೆ. ನೋವಿಲ್ಲದ ಕೆಲವೇ ನಿಮಿಷಗಳ ಪರೀಕ್ಷೆಯೊಂದು ಆ ಮಾತನ್ನು ಅದರ ಪರವಾಗಿ ಆಡುತ್ತದೆ. ಹಾಗೆಂದು ತಾಯಂದಿರು ದಿನವಿಡೀ ಮಗುವಿನ ಮಣಿಕಟ್ಟು ಹಿಡಿದು ಕೂರಬೇಕಾಗಿಲ್ಲ. ಉಸಿರೆಳೆದಾಗ ನಾಡಿ ತುಸು ಚುರುಕಾಗುವುದು, ಬಿಟ್ಟಾಗ ನಿಧಾನವಾಗುವುದು ಮಕ್ಕಳಿಗೆ ಸಹಜವೇ. ತಲೆಸುತ್ತು, ಮೂರ್ಛೆ, ಕಾರಣವಿಲ್ಲದ ಆಯಾಸ ಕಂಡರೆ ಮಾತ್ರ ಚೀಟಿಯ ದಿನಾಂಕಕ್ಕಾಗಿ ಕಾಯಬಾರದು.

ಮಿತ್ರರ ಮನೆಗೆ ಹೋಗಿ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಶನಿವಾರ ಮಗುವನ್ನು ಕರೆದೊಯ್ದರು. ಸೋಮವಾರ ಗೆರೆಚೌಕದ ಕಾಗದವನ್ನು ನನ್ನ ಮೇಜಿನ ಮೇಲೆ ಹರಡಿ, "ಗಣ ಕೆಟ್ಟಿಲ್ಲವಂತೆ, ಮೇಷ್ಟ್ರೇ!" ಎಂದು ನಕ್ಕರು. ಕೆಳಗೆ ವೈದ್ಯರು ಮುಂದಿನ ವರ್ಷದ ದಿನಾಂಕ ಬರೆದಿದ್ದರು. ಈ ಸಲ ಅದನ್ನು ನನ್ನ ದಿನಚರಿಯಲ್ಲಿಯೂ ಗುರುತು ಹಾಕಿಕೊಂಡಿದ್ದೇನೆ.