ನಡುವೆ ಇಟ್ಟ ಬಟ್ಟಲು

ಪರದೇಶದಲ್ಲಿ ಮಿತ್ರರೊಡನೆ ಥಾಯ್ ಭೋಜನಗೃಹವನ್ನು ಹೊಕ್ಕ ಕನ್ನಡಿಗನಿಗೆ ಅನ್ನವನ್ನು ಕಂಡೊಡನೆ ನೆಮ್ಮದಿಯಾಗುವುದು ಸಹಜ. ಥಾಯ್ ಜನರು ಉಣ್ಣುವುದಕ್ಕೆ ‘ಕಿನ್ ಖಾವ್’, ಎಂದರೆ ಅನ್ನ ತಿನ್ನುವುದು, ಎಂದೇ ಹೇಳುತ್ತಾರೆ. ಎದುರಾದವರನ್ನು ‘ಊಟವಾಯಿತೇ?’ ಎಂದು ವಿಚಾರಿಸುವ ರೂಢಿಯೂ ಅವರಲ್ಲುಂಟು.

ಇಂತಹ ಭೋಜನಗೃಹಗಳನ್ನು ಲೋಕದಲ್ಲೆಲ್ಲ ಹೆಚ್ಚಿಸಬೇಕೆಂದು ಥಾಯ್ ಸರಕಾರವು 2002ರಲ್ಲಿ ಯೋಜನೆಯನ್ನೇ ಹಾಕಿತು. ಥಾಯ್ ಪದ್ಧತಿಯಲ್ಲಿ ಅನ್ನ ಅವರವರ ತಟ್ಟೆಯಲ್ಲಿ. ವ್ಯಂಜನಗಳೆಲ್ಲ ನಡುವೆ, ಎಲ್ಲರ ಪಾಲಿಗೆ. ಮುಳ್ಳುಚಮಚದಿಂದ ಚಮಚಕ್ಕೆ ತಳ್ಳಿಕೊಂಡು ಉಣ್ಣುವುದು ವಾಡಿಕೆ.

ಮಿತ್ರರಲ್ಲಿ ಒಬ್ಬನು ಶಾಕಾಹಾರಿಯಾಗಿದ್ದರೆ ತೊಡಕು ಹುಟ್ಟುವುದೂ ಆ ನಡುವಿನ ಬಟ್ಟಲಿನಲ್ಲಿಯೇ. ತರಕಾರಿ ಮಾತ್ರ ಕಾಣುವ ಖಾದ್ಯಕ್ಕೂ ಉಪ್ಪಿನ ಬದಲು ‘ನಾಮ್ ಪ್ಲಾ’ ಎಂಬ ಮೀನಿನ ರಸ ಬಿದ್ದಿರಬಹುದು. ಮಸಾಲೆಯೊಳಗೆ ಸೀಗಡಿಯನ್ನು ಅರೆದು ಸೇರಿಸಿರಬಹುದು. ಇದಕ್ಕೆ ಥಾಯ್ ನುಡಿಯಲ್ಲಿಯೇ ಪರಿಹಾರವಿದೆ. ‘ಜೇ’ ಎಂದು ಪಾಕಶಾಲೆಗೆ ಮೊದಲೇ ಹೇಳಿಕಳುಹಿಸಬೇಕು. ಮೀನು, ಮಾಂಸ, ಮೊಟ್ಟೆಗಳಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ಆ ಪಾಕಕ್ಕೆ ನಿಷಿದ್ಧ.

ಆದರೆ ಆ ಮಾತನ್ನು ಆಡಬೇಕಾದವರು ಯಾರು? ನಿಯಮವುಳ್ಳವನು ಸಂಕೋಚದಿಂದ ಬಾಯಿಬಿಡನು. ‘ನನಗೆ ಅನ್ನವೊಂದೇ ಸಾಕು’ ಎಂದುಬಿಡುತ್ತಾನೆ. ಅವನು ಬರಿಯ ಅನ್ನವನ್ನು ಕೆದಕುತ್ತ ಕುಳಿತರೆ ಉಳಿದವರ ನಾಲಗೆಗೆ ಯಾವ ರುಚಿ ಹತ್ತೀತು? ಪಕ್ಕದಲ್ಲಿ ಕುಳಿತವನೇ ಅವನ ಪರವಾಗಿ ಕೇಳಿ, ನಾಲ್ಕು ಖಾದ್ಯಗಳಲ್ಲಿ ಎರಡನ್ನಾದರೂ ‘ಜೇ’ ಪಾಕದಲ್ಲಿ ತರಿಸಿ, ಅವುಗಳಿಂದ ತಾನೂ ಬಡಿಸಿಕೊಳ್ಳಲಿ. ಆಗ ಒಬ್ಬನ ನಿಯಮವು ಪಂಕ್ತಿಗೆ ಭಾರವಾಗುವುದಿಲ್ಲ.