ಹೊಸ ಕಾರ್ಡ್ ಕಂಪ್ಯೂಟರಿಗೆ ಕಾಣದಿದ್ದರೆ ಫಾರ್ಮ್ಯಾಟ್ ಮಾಡಲೇಬೇಕೆ?

ಬೈಲಹೊಂಗಲವಿರಲಿ, ರಾಮದುರ್ಗವಿರಲಿ, ಹೊಸ ಕಾರ್ಡನ್ನು ಕಂಪ್ಯೂಟರ್ ಗುರುತಿಸದಿದ್ದರೆ ‘ಫಾರ್ಮ್ಯಾಟ್ ಮಾಡಿಸಿ’ ಎನ್ನುವವರು ಸಿಕ್ಕೇ ಸಿಗುತ್ತಾರೆ. ನಮ್ಮ ಮಟ್ಟಿಗೆ ಇದು ಅವಸರದ ಸಲಹೆ.

ಮೊದಮೊದಲಿನ ಐಎಸ್‌ಎ ಕಾರ್ಡುಗಳು ತಾವು ಯಾರೆಂದು ಹೇಳುತ್ತಿರಲಿಲ್ಲ. ಜಂಪರ್ ಇಟ್ಟು ನಾವೇ ಹೊಂದಿಸಬೇಕಿತ್ತು. 1992ರಲ್ಲಿ ಬಂದ ಪಿಸಿಐನಲ್ಲಿ ಪ್ರತಿ ಕಾರ್ಡಿಗೂ ತಯಾರಕರ ಸಂಖ್ಯೆ, ಸಾಧನದ ಸಂಖ್ಯೆ ಇರುತ್ತವೆ. ಬಯಾಸ್, ನಂತರ ಆಪರೇಟಿಂಗ್ ಸಿಸ್ಟಮ್, ಜನಗಣತಿಯವರಂತೆ ಒಂದೊಂದೇ ಜಾಗದಲ್ಲಿ ವಿಚಾರಿಸುತ್ತ ಹೋಗುತ್ತವೆ. ನಡುವೆ ‘ಬ್ರಿಡ್ಜ್’ ಸಿಕ್ಕರೆ ದಾಟಿ, ಆಚೆಯ ಬಸ್ಸಿಗೂ (ಇದು ಸವದತ್ತಿ ಬಸ್ಸಲ್ಲ, ಮಾಹಿತಿ ಸಾಗುವ ದಾರಿ) ಸಂಖ್ಯೆ ಕೊಟ್ಟು ಎಣಿಸಬೇಕು. ಮಲಪ್ರಭೆಯ ಸೇತುವೆ ದಾಟದಿದ್ದರೆ ಆಚೆ ದಡದ ಮನೆಗಳು ಗಣತಿಗೆ ಸಿಗುವುದಿಲ್ಲವಲ್ಲ, ಹಾಗೆ.

ವಿಂಡೋಸ್‌ನಲ್ಲಿ ಮೊದಲು ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಗುರುತಿನೊಂದಿಗೆ ಕಾರ್ಡ್ ಕಂಡರೆ ಎಣಿಕೆ ಆಗಿದೆ, ಹೆಚ್ಚಾಗಿ ಬೇಕಿರುವುದು ಡ್ರೈವರ್ ಅಷ್ಟೇ. ಕಾಣಲೇ ಇಲ್ಲವೆ? ಕರೆಂಟ್ ತೆಗೆದು ಕಾರ್ಡನ್ನು ಸರಿಯಾಗಿ ಕೂರಿಸಿ. ಬಯಾಸ್‌ನಲ್ಲಿ ಆ ಸ್ಲಾಟ್ ಆಫ್ ಆಗಿದೆಯೇ ನೋಡಿ.