ದೇವರಿಗೆ ಮಾತ್ರ ಲೆಕ್ಕವೆ?

ಒಂದು ಪುಟ್ಟ ವಾಚನಾಲಯದ ಲೆಕ್ಕವನ್ನು ನಾನು ಕೆಲವು ವರ್ಷ ಬರೆದದ್ದುಂಟು. ವರ್ಷಕ್ಕೊಮ್ಮೆ ಸದಸ್ಯರೆದುರು ನಿಂತು, ಪತ್ರಿಕೆಗಳ ಚಂದಾದಿಂದ ಹಿಡಿದು ಪೊರಕೆಯ ಬೆಲೆಯವರೆಗೆ ಓದಿ ಹೇಳಬೇಕಾಗಿತ್ತು. ಒಮ್ಮೆ ಹನ್ನೆರಡು ರೂಪಾಯಿಗೆ ರಶೀತಿ ಸಿಗದೆ ಕೈಯಿಂದ ತುಂಬಿಕೊಟ್ಟೆ. ಯಾರೂ ನನ್ನನ್ನು ಕಳ್ಳನೆನ್ನಲಿಲ್ಲ, ಆದರೆ ಕೇಳಿದರು. ಕೇಳುವ ಹಕ್ಕು ಅವರಿಗಿತ್ತು. ಅಮೆರಿಕದ ದೂರದರ್ಶನ ಬೋಧಕರ ಸುದ್ದಿ ಓದಿದಾಗಲೆಲ್ಲ ನನಗೆ ಆ ಹನ್ನೆರಡು ರೂಪಾಯಿ ನೆನಪಾಗುತ್ತದೆ.

2015ರಲ್ಲಿ ಕ್ರೆಫ್ಲೋ ಡಾಲರ್ ಎಂಬ ಬೋಧಕರು 6.5 ಕೋಟಿ ಡಾಲರಿನ ವಿಮಾನ ಬೇಕೆಂದು, ಎರಡು ಲಕ್ಷ ಮಂದಿ ತಲಾ ಮುನ್ನೂರು ಡಾಲರ್ ಕೊಡಬೇಕೆಂದು ಕೇಳಿದರು. 2018ರಲ್ಲಿ ಜೆಸ್ಸಿ ಡುಪ್ಲಾಂಟಿಸ್ ಅವರಿಗೆ 5.4 ಕೋಟಿ ಡಾಲರಿನ ವಿಮಾನ ಬೇಕಾಯಿತು. ಕ್ರಿಸ್ತನು ಈಗ ಭೂಮಿಯ ಮೇಲಿದ್ದಿದ್ದರೆ ಕತ್ತೆಯೇರಿ ಹೋಗುತ್ತಿರಲಿಲ್ಲ ಎಂಬುದು ಅವರ ಸಮರ್ಥನೆ. ಇರಬಹುದು. ಆದರೆ ಆ ಕತ್ತೆಗಾಗಿ ಆತ ಯಾವ ವಿಧವೆಯಿಂದಲೂ ವಂತಿಗೆ ಎತ್ತಿದ್ದನ್ನು ನಾನು ಓದಿಲ್ಲ.

ಇದು ಹೊಟ್ಟೆಕಿಚ್ಚಿನ ಮಾತಲ್ಲ. ಸ್ವಂತ ದುಡಿಮೆಯಿಂದ ಅರಮನೆ ಕಟ್ಟುವವನ ತಂಟೆ ನನಗೇಕೆ? ಇಲ್ಲಿ ಮಾರುವ ಸರಕು ಬೇರೆ. ಕಾಣಿಕೆಯೆಂಬ ಬೀಜ ಬಿತ್ತಿರಿ, ನೂರ್ಮಡಿ ಬೆಳೆ ಬರುತ್ತದೆ ಎನ್ನುತ್ತಾರೆ. ಬೆಳೆ ಬಾರದಿದ್ದರೆ ಕುಂದು ಬಿತ್ತಿದವನ ವಿಶ್ವಾಸದ್ದು. ಈ ವ್ಯಾಪಾರದಲ್ಲಿ ನಷ್ಟ ಎಂದೂ ಅಂಗಡಿಯವನದಲ್ಲ.

ಕಾನೂನೂ ಅಂಗಡಿಯವನ ಪರವಾಗಿಯೇ ಇದೆ. ಆ ದೇಶದ ಇತರ ಧರ್ಮಾರ್ಥ ಸಂಸ್ಥೆಗಳು ವರ್ಷವರ್ಷವೂ ಸಲ್ಲಿಸಬೇಕಾದ, ಯಾರು ಬೇಕಾದರೂ ನೋಡಬಹುದಾದ ವರದಿಯಿಂದ ಚರ್ಚುಗಳಿಗೆ ವಿನಾಯಿತಿ. 1984ರ ಕಾಯಿದೆಯಂತೆ, ಮೇಲಧಿಕಾರಿಯೊಬ್ಬರು ಕಾರಣಗಳನ್ನು ಬರಹದಲ್ಲಿ ದಾಖಲಿಸದ ಹೊರತು ಚರ್ಚಿನ ತೆರಿಗೆ ವಿಚಾರಣೆ ಮೊದಲಾಗುವಂತಿಲ್ಲ. ಸಾವಿರ ಡಾಲರ್ ಕೊಟ್ಟವರಿಗೆ ಜೀವಮಾನವಿಡೀ ವರ್ಷಕ್ಕೆ ಮೂರು ರಾತ್ರಿ ತಂಗಲು ಕೋಣೆಯೆಂದು ಜಿಮ್ ಬೇಕರ್ ಮಾತು ಕೊಟ್ಟರು. ಇದ್ದ ಕೋಣೆಗಳಿಗೆ ಸಾಲದಷ್ಟು ಜನರಿಂದ ಹಣ ಪಡೆದರು. 1989ರಲ್ಲಿ ಅವರಿಗೆ ವಂಚನೆಗಾಗಿ ಶಿಕ್ಷೆಯಾಯಿತು. ಕಳೆದುಹೋದ ಮೇಲೆ ಕಳ್ಳನನ್ನು ಹಿಡಿದರೆ ಕೊಟ್ಟವರಿಗೇನು ಬಂತು?

2007ರಲ್ಲಿ ಸೆನೆಟರ್ ಗ್ರಾಸ್ಲಿ ಆರು ಬೋಧಕರ ಲೆಕ್ಕ ಕೇಳಿದರು. ಇಬ್ಬರು ಮಾತ್ರ ಸರಿಯಾಗಿ ಉತ್ತರಿಸಿದರು. ಅವರಲ್ಲೊಬ್ಬರು ಬೆನ್ನಿ ಹಿನ್. 2005ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ ಸಭೆ ನಡೆಸಿ ಹೋದವರು. 2011ರಲ್ಲಿ ವಿಚಾರಣೆ ಮುಗಿಯಿತು, ಯಾರಿಗೂ ದಂಡವಿಲ್ಲ. ಮುಂದೇನೆಂದು ಹೇಳುವ ಕೆಲಸ ಸುವಾರ್ತಾ ಸಂಸ್ಥೆಗಳದೇ ಒಂದು ಮಂಡಳಿಗೆ ಹೋಯಿತು. ಅದು ನೇಮಿಸಿದ ಆಯೋಗ, ಚರ್ಚುಗಳು ವರದಿ ಕೊಡಬೇಕಾಗಿಲ್ಲವೆಂದು 2012ರಲ್ಲಿ ಹೇಳಿತು. ಪರೀಕ್ಷೆ ಬೇಕೋ ಬೇಡವೋ ಎಂದು ಹುಡುಗರನ್ನೇ ಕೇಳಿದಂತಾಯಿತು!

ಸರಕಾರ ಧರ್ಮದಲ್ಲಿ ಕೈಹಾಕಬಾರದು ಎನ್ನುವವರಿದ್ದಾರೆ. ಒಪ್ಪಿದೆ. ಬೋಧನೆಯ ಒಂದಕ್ಷರವನ್ನೂ ಅಧಿಕಾರಿ ತಿದ್ದಕೂಡದು. ಜಮಾ ಖರ್ಚಿನ ಪುಸ್ತಕ ಬೋಧನೆಯಲ್ಲವಷ್ಟೆ! ಲೆಕ್ಕ ಕೊಟ್ಟರೆ ಧರ್ಮ ಕೆಡುವುದೂ ಇಲ್ಲ. 1950ರಲ್ಲಿ ಅಟ್ಲಾಂಟಾದ ಪತ್ರಿಕೆಯೊಂದು ಕಾಣಿಕೆಯ ಚೀಲಗಳ ಚಿತ್ರವನ್ನೂ ಬಿಲ್ಲಿ ಗ್ರಹಾಮರ ನಗುಮುಖವನ್ನೂ ಜೊತೆಜೊತೆಗೆ ಅಚ್ಚುಹಾಕಿತು. ಅದು ಅವರ ಮನಸ್ಸಿಗೆ ನಾಟಿತು. ಆಮೇಲೆ ಸಭೆಯ ಕಾಣಿಕೆಯನ್ನು ತಾವು ತೆಗೆದುಕೊಳ್ಳುವುದನ್ನು ಬಿಟ್ಟು, ಸಂಸ್ಥೆ ಗೊತ್ತುಮಾಡಿದ ಸಂಬಳ ಪಡೆದರು. ಅದರಿಂದ ಅವರ ಸಭೆಗಳಿಗೆ ಜನ ಬರುವುದೇನೂ ನಿಲ್ಲಲಿಲ್ಲ.

"ನಾವು ದೇವರಿಗೆ ಮಾತ್ರ ಉತ್ತರ ಕೊಡುವವರು" ಎಂಬ ಮಾತು ಕೇಳಲು ಭಕ್ತಿಯಂತಿದೆ. ಆದರೆ ದೇವರು ಎಲ್ಲವನ್ನೂ ಕಾಣುತ್ತಾನೆಂದು ನಿಜವಾಗಿ ನಂಬಿದವನಿಗೆ ನೆರೆಯವನು ಪುಸ್ತಕ ನೋಡಿದರೆ ಅಂಜಿಕೆ ಏಕೆ? ದೇವರು ಹಣ ಕಳುಹಿಸಲಿಲ್ಲ. ಪಿಂಚಣಿಯಲ್ಲಿ ಉಳಿಸಿ ಯಾವಳೋ ಮುದುಕಿ ಕಳುಹಿಸಿದಳು. ನಮ್ಮ ವಾಚನಾಲಯದ ಸದಸ್ಯರಿಗಿದ್ದಷ್ಟು ಹಕ್ಕು ಆಕೆಗೂ ಇರಲಿ ಎಂದಷ್ಟೇ ನಾನು ಕೇಳುವುದು.